ತಟ್ಟೆಯ ಪಕ್ಕದ ಟೋಪಿ

ಎಷ್ಟು ಚಿತ್ರಗಳಲ್ಲಿ ನಟಿಸಿದ್ದೀಯೆಂದು ಕೇಳಿದರೆ ಆಂಬ್ರೋಸ್ ಟಕ್‌ವೆಲ್ ತಲೆ ಕೆರೆದುಕೊಳ್ಳುತ್ತಿದ್ದ. ಬೋರಮ್‌ವುಡ್‌ನ ಸ್ಟುಡಿಯೋಗಳಲ್ಲಿ ಬಾಗಿಲು ತೆಗೆಯುವ ಬಟ್ಲರ್ ಬೇಕೇ, ಮದ್ಯದಂಗಡಿಯಲ್ಲಿ ಲೋಟ ಒರೆಸುವವ ಬೇಕೇ, ಕಳ್ಳ ಓಡಿಹೋದ ಮೇಲೆ ಸೀಟಿ ಊದುವ ಪೊಲೀಸ್ ಬೇಕೇ, ಫೋನ್ ಅವನಿಗೇ. ಒಂದು ದಿನದ ಕೆಲಸ, ಒಂದು ಮಾತು, ಸಂಜೆಗೆ ಮನೆ. ಬಟ್ಲರನ ಕರಿಕೋಟು, ಪೊಲೀಸ್ ಬೂಟು ಎಲ್ಲ ಸ್ವಂತದ್ದು. ಸ್ವಂತ ಉಡುಪಿದ್ದವನಿಗೇ ಮೊದಲ ಕರೆ. ಇಷ್ಟಾದರೂ ಬೀದಿಯಲ್ಲಿ ಒಬ್ಬನೂ ಅವನ ಗುರುತು ಹಿಡಿಯುತ್ತಿರಲಿಲ್ಲ. ಆ ಗುರುತು ಸಿಗದ ಮುಖದಿಂದಲೇ ಅವನ ಸಂಸಾರ ನಡೆಯುತ್ತಿತ್ತು.

ಬಂದ ಕೆಲಸಕ್ಕೆ ಅವನು ಒಲ್ಲೆ ಅಂದವನಲ್ಲ. ಒಮ್ಮೆ ಇಲ್ಲ ಅಂದರೆ ಮತ್ತೆ ಫೋನ್ ಬರುವುದಿಲ್ಲವೆಂಬ ಭಯ ಈ ಸಣ್ಣ ನಟರಿಗೆಲ್ಲ ಇದ್ದದ್ದೇ. ಜ್ವರದಲ್ಲೂ ಹೋಗಿದ್ದ, ಅತ್ತೆಯನ್ನು ಮಣ್ಣು ಮಾಡಿದ ದಿನವೂ ಹೋಗಿದ್ದ. ಯುದ್ಧಕ್ಕೆ ಮುಂಚಿನ ಒಂದು ಚಳಿಗಾಲದ ಬೆಳಿಗ್ಗೆ, ಮಗಳು ಹೆಸ್ಟರ್‌ಳನ್ನು ಹೆಪ್ಪುಗಟ್ಟಿದ ಕೊಳದ ಮೇಲೆ ಜಾರಾಡಿಸಲು ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದಾಗಲೂ ಫೋನ್ ಬಂತು, ಹೋದ. ಹುಡುಗಿ ಕಾದು ಕಾದು ಒಬ್ಬಳೇ ಹೊರಟಳು. ಮಂಜುಗಡ್ಡೆ ಅವಳ ಭಾರ ತಡೆಯಲಿಲ್ಲ.

ಸುದ್ದಿ ಹೇಳಲು ಬಂದ ಊರಿನ ಪೊಲೀಸಿನವನ ಎದುರು ಇದ್ದವಳು ಹೆಂಡತಿ ಈನಿಡ್ ಒಬ್ಬಳೇ. ಆಂಬ್ರೋಸ್ ಆ ಹೊತ್ತಿಗೆ ಸ್ಟುಡಿಯೋದಲ್ಲಿ ಪೊಲೀಸ್ ವೇಷ ತೊಟ್ಟು ಸೀಟಿ ಊದುತ್ತಿದ್ದ. ಬಂದವನು ಟೋಪಿ ತೆಗೆದು, ಎಲ್ಲಿಡಬೇಕೆಂದು ತೋಚದೆ ಮೇಜಿನ ಮೇಲೆ ಹೆಸ್ಟರ್‌ಳ ತಟ್ಟೆಯ ಪಕ್ಕ ಇಟ್ಟನಂತೆ. ಅದು ಮಗುವಿನ ತಟ್ಟೆಯೆಂದು ಹೊಳೆದೊಡನೆ ಸರಕ್ಕನೆ ಎತ್ತಿ ಎದೆಗೊತ್ತಿಕೊಂಡನಂತೆ. ಅವನು ಬಾಯಿ ತೆರೆಯುವ ಮುಂಚೆಯೇ ತನಗೆ ಗೊತ್ತಾಯಿತು ಎಂದಳು ಈನಿಡ್. ಒಂದೇ ಸಲ, ಗಂಡನೊಬ್ಬನಿಗೇ ಹೇಳಿದ್ದು. ಮತ್ತೆ ಅವಳು ಆ ಮಾತೆತ್ತಲಿಲ್ಲ, ಅವನೂ ಕೆದಕಲಿಲ್ಲ.

ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೆ ಅವನಿಗೊಂದು ದೃಶ್ಯ ಸಿಕ್ಕಿತು. ತಾಯಿಯೊಬ್ಬಳಿಗೆ ಮಗು ಸತ್ತ ಸುದ್ದಿ ತರುವ ಪೊಲೀಸ್. ಎಷ್ಟು ಸಲ ತೆಗೆದರೂ ನಿರ್ದೇಶಕನಿಗೆ ಸಮಾಧಾನವಿಲ್ಲ.

"ಹಾಲು ಹಾಕೋಕೆ ಬಂದವನ ಥರ ನಿಂತಿದ್ದೀಯಲ್ಲಪ್ಪಾ ಟಕ್‌ವೆಲ್! ಏನಾದ್ರೂ ಮಾಡು!"

ಎದುರಿಗೆ ಚಹಾದ ಮೇಜು, ಅದರ ಮೇಲೊಂದು ಸಣ್ಣ ತಟ್ಟೆ. ಆಂಬ್ರೋಸ್ ಟೋಪಿ ತೆಗೆದ. ತಟ್ಟೆಯ ಪಕ್ಕ ಇಟ್ಟ. ಸರಕ್ಕನೆ ಎತ್ತಿ ಎದೆಗೊತ್ತಿಕೊಂಡ. ಮೇಲೆ ದೀಪ ಹಿಡಿದಿದ್ದವನು ಮೂಗು ಒರೆಸಿಕೊಂಡ. ಆಂಬ್ರೋಸ್‌ಗೆ ಮೊದಲು ಅನ್ನಿಸಿದ್ದು ಹೆಮ್ಮೆಯೇ. ಕ್ಯಾಂಟೀನಿನಲ್ಲಿ ಕೂತ ಮೇಲೆ, ಆ ಟೋಪಿಯ ಮಾತು ಈನಿಡ್ ತನಗೊಬ್ಬನಿಗೇ ಹೇಳಿದ್ದೆಂದು ಹೊಳೆದು, ಬನ್ನನ್ನು ಅರ್ಧಕ್ಕೇ ಬಿಟ್ಟೆದ್ದ.

ಗಂಡನ ಚಿತ್ರ ಬಂದರೆ ಮೊದಲ ದಿನವೇ ನೋಡುವುದು ಈನಿಡ್‌ಳ ರೂಢಿ. ಈ ಸಲ ಅವನು ಸುಳ್ಳು ಹೇಳಿದ.

"ಅದಕ್ಕೆ ಹೋಗಬೇಡ ಕಣೆ. ನನ್ನ ಭಾಗ ಕತ್ತರಿಸಿಬಿಟ್ಟಿದ್ದಾರೆ."

ಪಕ್ಕದ ಮನೆಯ ಮಿಸೆಸ್ ಗ್ಯಾಡ್ ಸುಮ್ಮನಿರಬೇಕಲ್ಲ! ಚಿತ್ರ ನೋಡಿ ನೇರ ಇವರ ಬಾಗಿಲಿಗೇ ಬಂದಳು. "ಏನ್ರೀ ಈನಿಡ್, ಕತ್ತರಿಸಿದ್ದಾರೆ ಅಂದ್ರಲ್ಲ! ನಿಮ್ಮ ಯಜಮಾನ್ರು ಆ ತಟ್ಟೆ ಪಕ್ಕ ಟೋಪಿ ಇಟ್ಟು ಎತ್ತಿಕೊಂಡ್ರು ನೋಡಿ, ಥಿಯೇಟರಿಗೆ ಥಿಯೇಟರೇ ಗೊಳೋ ಅಂತು!"

ಈನಿಡ್ ಕೋಟು ಹಾಕಿಕೊಂಡು ಮುಂದಿನ ಆಟಕ್ಕೆ ಹೋದಳು. ಬಂದವಳು ಕೋಟು ತೂಗುಹಾಕಿ, ಚಹಾಕ್ಕೆ ನೀರಿಟ್ಟಳು. ಆಂಬ್ರೋಸ್ ಮೇಜಿನ ಬಳಿ ತಪ್ಪಿತಸ್ಥನಂತೆ ನಿಂತೇ ಇದ್ದ.

"ಆವತ್ತು ಬಂದವನು ಇಟ್ಟಿದ್ದು ಎಡಗೈಲಿ," ಎಂದಳು. "ನೀನು ಬಲಗೈಲಿ ಇಟ್ಟೆ."

"ಈನಿಡ್, ನಾನು ಬೇಕಂತ ಮಾಡ್ಲಿಲ್ಲ. ಕೈ ತಾನೇ..."

"ನೀನು ಅಲ್ಲಿರಲಿಲ್ಲ. ನೋಡಿದವಳು ನಾನು. ಹೆಸ್ಟರ್‌ಳ ಕಡೇ ದಿನದಲ್ಲಿ ನಂಗೆ ಅಂತ ಉಳಿದಿದ್ದು ಅದೊಂದೇ. ಅದನ್ನೂ ತಗೊಂಡುಹೋಗಿ ಊರಿಗೆಲ್ಲ ತೋರಿಸಿದೆ."

ಆಗಲೇ ಫೋನ್ ಬಡಿದುಕೊಂಡಿತು. ಆಂಬ್ರೋಸ್ ಎತ್ತಿಕೊಂಡ. ಅವನಿಗೆ ಕೆಲಸ ಹುಡುಕಿಕೊಡುವ ಏಜೆಂಟ್ ಮಾಂಟಿ. ದನಿ ಕೋಣೆಯೆಲ್ಲ ಕೇಳುವಷ್ಟು ಜೋರು.

"ಏನು ಮಾರಾಯ, ಕೊನೆಗೂ ನಿನಗೊಂದು ಮುಖ ಇದೆ ಅಂತ ಜನಕ್ಕೆ ಗೊತ್ತಾಯ್ತಲ್ಲ! ಇನ್ನೊಂದು ಬಂದಿದೆ. ಪೊಲೀಸೇ. ಗಣಿ ಕುಸಿದು ಗಂಡ ಸತ್ತ ಅಂತ ಹೇಳ್ಬೇಕು. ತೆರೆ ಮೇಲೆ ಹೆಸರು ಹಾಕ್ತಾರಂತೆ ಕಣೋ! ಆ ಟೋಪಿ ಆಟ ಇನ್ನೊಂದ್ಸಲ ಆಡ್ಬಿಡು, ಅಷ್ಟೇ. ನಾಳೆ ಬೆಳಿಗ್ಗೆ ಬಾ."

ಈನಿಡ್ ಎರಡು ಬಟ್ಟಲು ಜೋಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಇಲ್ಲ ಅಂದರೆ ಮತ್ತೆ ಫೋನ್ ಬಾರದೆಂಬ ಹಳೆಯ ಭಯ ಆಂಬ್ರೋಸ್‌ಗೆ ಇದ್ದೇ ಇತ್ತು.

"ಆಗಲ್ಲ ಮಾಂಟಿ."

"ಏನಂದೆ?"

"ನಾನು ಬರಲ್ಲ."

ಫೋನ್ ಇಟ್ಟ. ಜೀವಮಾನದಲ್ಲಿ ಮೊದಲ ಸಲ ಇಲ್ಲ ಅಂದಿದ್ದ. ಹೆಂಡತಿ ಒಂದು ಒಳ್ಳೆಯ ಮಾತಾಡಿಯಾಳೆಂದು ಕಾದ. ಈನಿಡ್ ಅವನ ಬಟ್ಟಲಿಗೆ ಚಹಾ ಸುರಿದು ಮುಂದಕ್ಕೆ ತಳ್ಳಿದಳು.

"ಅಷ್ಟೇ ನೋಡು, ಎರಡೇ ಮಾತು," ಎಂದಳು. "ಹೆಸ್ಟರ್ ಕಾದಿದ್ದಳಲ್ಲ, ಆವತ್ತೂ ಹೇಳಬಹುದಿತ್ತು."