ನಿದ್ದೆ ಇಂಜೆಕ್ಷನ್ನಿನ ಮೇಲಿನ ಸಿಟ್ಟು

ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ ಬಂದರೆ ನನಗೆ ಹಸಿವಾಗುತ್ತದೆ. ನಗಬೇಡಿ. ನಮ್ಮ ಮಂದಿ ಆಸ್ಪತ್ರೆಗೆ ಹೋಗುವುದೇ ರೊಟ್ಟಿ ಗಂಟಿನೊಂದಿಗೆ. ಒಳಗೆ ರೋಗಿಗೆ ಸಲೈನ್ ಏರುತ್ತಿದ್ದರೆ ಹೊರಗೆ ನಾವು ಶೇಂಗಾ ಚಟ್ನಿ ಬಿಚ್ಚಿರುತ್ತೇವೆ. ಮೊನ್ನೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಹಾಗೇ ಕುಳಿತಿದ್ದೆವು. ಒಳಗೆ ಪಕ್ಕದ ಮನೆಯ ಬಸಪ್ಪ ಉಸಿರಿಗಾಗಿ ಒದ್ದಾಡುತ್ತಿದ್ದ. ಹೊರಗೆ ಅವನ ಹೆಂಡತಿ ಗಂಗವ್ವ, ನನ್ನ ಕಾಕು ಮತ್ತು ನಾನು. ಆ ವಾಸನೆಗೆ ನನಗೆ ಕಾಕಾ ನೆನಪಾದ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮುಂಡಗೋಡದ ಹತ್ತಿರದ ನಮ್ಮೂರಲ್ಲಿ ಅವನಷ್ಟು ನಿಧಾನವಾಗಿ ಉಣ್ಣುವವರು ಇನ್ನೊಬ್ಬರಿರಲಿಲ್ಲ. ಅವನ ಹೆಂಡತಿ, ನನ್ನ ಕಾಕು, ಎದುರಿಗೆ ಕೂತು, "ಉಣ್ರಿ, ಆರತೈತಿ" ಎನ್ನುತ್ತಲೇ ಇರಬೇಕು. ಯಾರೇ ಆಗಲಿ, ಹಸಿದ ಹೊಟ್ಟೆಯಲ್ಲಿ ಊರು ದಾಟಬಾರದು ಎಂಬುದು ಆಕೆಯ ಕಾನೂನು. ಆಕೆಯ ಎರಡನೇ ರೊಟ್ಟಿಯ ದೆಸೆಯಿಂದ ನಾನು ಎಷ್ಟೋ ಬಸ್ಸು ತಪ್ಪಿಸಿಕೊಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಕಾಕಾನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯ ಮುಂದೆ ಆಂಬುಲೆನ್ಸಿನಿಂದ ಇಳಿಸುವಾಗ ತುಟಿ ನೀಲಿಯಾಗಿತ್ತು.

"ಗಂಟಲಾಗ ಪೈಪ್ ಹಾಕಬೇಕು," ಎಂದರು ಅಲ್ಲಿಯ ಡಾಕ್ಟರು. "ಅದಕ್ಕ ಮೊದಲ ನಿದ್ದಿ ಇಂಜೆಕ್ಷನ್ ಕೊಡತೇವಿ. ಇಷ್ಟು ಸೋತ ಮೈಗೆ ಆ ಔಷಧಾನೂ ಭಾರ ಆಗತೈತಿ, ಬಿ.ಪಿ. ಬೀಳಬಹುದು. ಹೊಟ್ಟಿ ತುಂಬಿದ್ರ ವಾಂತಿ ಆಗಿ ಪುಪ್ಪುಸಕ್ಕ ಇಳೀಬಹುದು. ಏನರ ತಿಂದಾರೇನು?"

"ನೀರ ಸೈತ ಮುಟ್ಟಿಲ್ರಿ," ಎಂದಳು ಕಾಕು.

ಕಾಕಾ ಮತ್ತೆ ಕಣ್ಣು ಬಿಡಲಿಲ್ಲ.

ಅಂದಿನಿಂದ ನನ್ನದು ಒಂದೇ ಹಾಡು: ನಿದ್ದೆ ಇಂಜೆಕ್ಷನ್ ಕೊಟ್ಟು ಕೊಂದರು. ಸಂತೆಯಲ್ಲಿ, ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ ಉಪ್ಪುಖಾರ ಹಚ್ಚಿ ಹೇಳಿದೆ. ಔಷಧದ ಹೆಸರೂ ಗೊತ್ತಿಲ್ಲದವನು ಅದರ ಗುಣದೋಷ ವಿವರಿಸುತ್ತಿದ್ದೆ, ನೋಡಿ. ಕಾಕು ಒಮ್ಮೆಯೂ ಹೂಂ ಎನ್ನಲಿಲ್ಲ. ದುಃಖಕ್ಕೆ ಹಾಗೆ ಎಂದುಕೊಂಡಿದ್ದೆ.

ಮೊನ್ನೆ ಡಾಕ್ಟರಮ್ಮ ಹೊರಗೆ ಬಂದು ಬಸಪ್ಪನಿಗೂ ಅದನ್ನೇ ಮಾಡಬೇಕೆಂದರು, ಅದನ್ನೇ ಕೇಳಿದರು. ಏನೂ ತಿಂದಿಲ್ಲ ಎಂದ ಗಂಗವ್ವ ನನ್ನ ಮುಖ ನೋಡಿದಳು. "ಆ ಇಂಜೆಕ್ಷನ್ ಮಾತ್ರ ಬ್ಯಾಡ್ರಿ. ಇವರ ಕಾಕಾನ್ನ ಅದನ್ನ ಕೊಟ್ಟು ಕೊಂದಾರಂತ."

"ಇವರಿಗೆ ಎಚ್ಚರದಾಗ ಪೈಪ್ ಹಾಕಾಕ ಬರೂದಿಲ್ಲವ್ವ. ಹಾಕದಿದ್ರ ಉಳಿಯೂದಿಲ್ಲ. ಲಗೂನ ಹೇಳು."

ಗಂಗವ್ವ ಬೇಡವೆಂದು ತಲೆ ಅಲ್ಲಾಡಿಸುತ್ತಲೇ ಇದ್ದಳು. ಆಗ ಕಾಕು ಎದ್ದು ನಿಂತಳು.

"ಇಂಜೆಕ್ಷನ್ನಿಗೆ ದೋಷ ಹಚ್ಚಬ್ಯಾಡ, ಗಂಗವ್ವ. ಗಾಡಿ ಬರೂ ಮೊದಲ ನಾನ ಅವರಿಗೆ ನುಚ್ಚು ಮಜ್ಜಿಗಿ ಉಣಿಸಿದ್ದೆ. ಬ್ಯಾಡ ಅಂದ್ರೂ ತುತ್ತು ಹಾಕಿದೆ. ಡಾಕ್ಟರು ಬೈತಾರಂತ ಸುಳ್ಳು ಹೇಳಿದೆ. ಪೈಪ್ ಹಾಕೂ ಮುಂದ ಅದು ಪುಪ್ಪುಸಕ್ಕ ಹೋತಂತ. ಆಮ್ಯಾಲೆ ಡಾಕ್ಟರು ನನಗೊಬ್ಬಾಕಿಗೇ ಹೇಳಿದ್ರು."

ಗಂಗವ್ವ ಅಳುತ್ತ, "ಈಗ ಬರೂ ಮುಂದ ಹಾಲು ಕುಡಿಸೇನ್ರಿ, ಬಾಳೆಹಣ್ಣೂ ತಿನಿಸೇನಿ. ಏನ ಮಾಡ್ತೀರಿ ಮಾಡ್ರಿ," ಎಂದಳು.

"ಹೇಳಿದ್ದು ಛಲೋ ಆತು, ಅದಕ್ಕ ತಕ್ಕಂಗ ಹುಷಾರಿ ತಗೋತೇವಿ," ಎಂದು ಹೊರಟ ಡಾಕ್ಟರಮ್ಮನಿಗೆ ಕಾಕು ಅಡ್ಡ ನಿಂತಳು.

"ಆವತ್ತ ನಾ ಖರೇ ಹೇಳಿದ್ರ ನಮ್ಮವರು ಉಳೀತಿದ್ರೇನ್ರಿ?"

"ಗೊತ್ತಿಲ್ರಿ, ಅಮ್ಮಾ," ಎಂದು ಅವರು ಒಳಗೆ ಹೋದರು.

ಕಾಕು ಬಂದು ನನ್ನ ಪಕ್ಕ ಕುಳಿತಳು. ಆಕೆಯ ಮೇಲೆ ನನಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಇಷ್ಟು ವರ್ಷ ನಾನು ಆ ಡಾಕ್ಟರಿಗೆ ಬೈದ ಒಂದೊಂದು ಬೈಗುಳವನ್ನೂ ಆಕೆ ತನಗೇ ಎಂದು ಕೇಳಿಸಿಕೊಂಡಿದ್ದಳು.