ಮೊದಲ ದೋಸೆ ಯಾರಿಗೆ

ಕೆಂಗೇರಿ ಕಡೆಯ ಒಂದು ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನವರು ಈಚೆಗೆ ನನ್ನನ್ನು ನಾಯಕತ್ವದ ಬಗ್ಗೆ ಮಾತಾಡಲು ಕರೆದಿದ್ದರು. ‘ಅನುಭವಿಗಳು’ ಎಂದು ಪರಿಚಯಿಸಿದರು. ಇನ್ನೂ ಮೂವತ್ತು ತುಂಬದ ನನಗೆ ಆ ಮಾತು ಅಪ್ಪನ ಕೋಟು ತೊಟ್ಟಂತಿತ್ತು. ಪ್ರಾಂಶುಪಾಲರ ಕೆಮ್ಮನ್ನು ಅನುಕರಿಸಿ ಹುಡುಗರನ್ನು ನಗಿಸಿ, ಟೀ ಕುಡಿದು ಬಂದೆ. ಹೇಳಬೇಕಿದ್ದ ಕಥೆಯನ್ನು ಮಾತ್ರ ಹೇಳಲಿಲ್ಲ.

ವಿಜಯನಗರದ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿ ಸೇರಿ ಸೂಪರ್‌ವೈಸರ್ ಆದವನು ನಾನು. ದಕ್ಷತೆಗೆ ಸಿಕ್ಕ ಬಡ್ತಿ ಎಂದು ಮನೆಯಲ್ಲಿ ಹೇಳಿದ್ದೇನೆ. ನಿಜವೆಂದರೆ, ನನಗಿಂತ ಹಳಬರೆಲ್ಲ ಆ ಕೆಲಸ ಬೇಡವೆಂದಿದ್ದರು. ಅಲ್ಲಿಗೆ ಬರುವವರ ದನಿಯೆಲ್ಲ ನನ್ನ ಗಂಟಲಲ್ಲಿತ್ತು. ಕಾಫಿಗೆ ಸಕ್ಕರೆ ಬೇಡವೆಂದು ಜಾಮೂನು ತರಿಸುವ ಮಹಾಲಕ್ಷ್ಮಿ ಲೇಔಟಿನ ಅಂಕಲ್, ಚಟ್ನಿಗೋಸ್ಕರವೇ ಇಡ್ಲಿ ತಿನ್ನುವ ಆಂಟಿ, ಎಲ್ಲರಿಗಿಂತ ಚೆನ್ನಾಗಿ ನಮ್ಮ ಯಜಮಾನರು. ಅವರದು ಮೂಗಿನಲ್ಲಿ ಹುಟ್ಟಿ ಕೊನೆಗೆ ಒಡೆಯುವ ದನಿ.

ದೋಸೆ ಭಟ್ಟರು ಅಡುಗೆಮನೆಯಲ್ಲಿ, ಹಾಲ್‌ಗೆ ತಟ್ಟೆ ದಾಟಿಸುವ ಕಿಟಕಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಆರ್ಡರ್ ಅವರಿಗೆ ಕಿವಿಯ ಮೂಲಕ ಮಾತ್ರ ತಲುಪುತ್ತಿತ್ತು; ಕೂಗುತ್ತಿದ್ದವರು ಯಜಮಾನರು. ಬೆಳಿಗ್ಗೆ ಕಲ್ಲಿನಿಂದ ಎದ್ದ ಮೊದಲ ದೋಸೆ ಯಜಮಾನರಿಗೆ. ಅವರು ಕಿಟಕಿಯ ಬಳಿ ನಿಂತೇ, ಮಾತಿಲ್ಲದೆ ತಿನ್ನುತ್ತಿದ್ದರು. ಸರಿಯಿಲ್ಲದಿದ್ದರೆ ಒಂದು ಚೂರು ಬಿಡುತ್ತಿದ್ದರು. ಇಪ್ಪತ್ತು ವರ್ಷ ಅವರಿಬ್ಬರ ನಡುವಿನ ದೂರು, ಟೀಕೆಯೆಲ್ಲ ಆ ಚೂರೇ.

ಮಂಡಿ ಆಪರೇಷನ್ನಿಗೆ ಹೊರಟ ಯಜಮಾನರು ನನ್ನನ್ನು ಕರೆದರು.

“ಒಂದ್ ತಿಂಗ್ಳು ನೀನೇ ನೋಡ್ಕೋ. ಭಟ್ರು ಕಲ್ಲಿನ ಮುಂದೆ ಇದ್ರೆ ಹೋಟ್ಲಿದೆ. ಅವ್ರು ಹೋದ್ರೆ ನೀನೂ ಹೊರಡು.”

ಮೊದಲ ದಿನ ನನ್ನ ದನಿಯಲ್ಲಿ “ಎರಡು ಮಸಾಲೆ” ಎಂದೆ. ಭಟ್ಟರು ನಿಧಾನವಾಗಿ ಬೆವರು ಒರೆಸಿಕೊಂಡರು. ಯಜಮಾನರ ದನಿಯಲ್ಲಿ ಅಂದೆ. ನಾನೇ ಎಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ನಕ್ಕರು, ಆದರೂ ಭಟ್ಟರ ಕೈ ತಾನಾಗಿ ಚುರುಕಾಯಿತು. ಸಿಕ್ಕಿತಲ್ಲ ಗುಟ್ಟು ಎಂದುಕೊಂಡೆ. ಮೊದಲ ದೋಸೆಯನ್ನು ಅವರು ಕಿಟಕಿಯಲ್ಲಿ ಇಡದೆ ತಾವೇ ತಿಂದದ್ದನ್ನು ನೋಡಿದೆ, ಹಸಿವಿರಬೇಕು ಎಂದು ಬಿಟ್ಟೆ.

ಎರಡನೆಯ ಭಾನುವಾರ ಜನ ಹೊರಗಿನ ಸ್ಕೂಟರ್ ಸಾಲಿನವರೆಗೂ ನಿಂತಿದ್ದರು. ಒಂದು ದೋಸೆ ತೀರಾ ಕೆಂಪಾಗಿ ಬಂತು. ನಾನು ಯಜಮಾನರ ಮೂಗುದನಿ ತಂದುಕೊಂಡೆ.

“ಏನ್ ಭಟ್ರೇ, ಇದು ದೋಸೆನೋ, ಕಾಲೊರೆಸೋ ಮ್ಯಾಟೋ?”

ಸಪ್ಲೈಯರುಗಳು ನಕ್ಕರು. ಭಟ್ಟರು ಒಲೆ ಆರಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡು, ಹಿಂಬಾಗಿಲಿನಿಂದ ಹೊರಟೇಹೋದರು. ಹಾಲ್‌ನಲ್ಲಿ ಹನ್ನೆರಡು ಮಸಾಲೆ ಬಾಕಿ.

ಹಿಂದೆಯೇ ಓಡಿದೆ. ಭಟ್ಟರು ಗಲ್ಲಿಯಲ್ಲಿ ಹಾಲಿನ ಕ್ರೇಟ್ ಬೋರಲು ಹಾಕಿ ಕೂತಿದ್ದರು. ಕ್ಷಮೆ ಕೇಳಲು ಬಾಯಿ ತೆರೆದರೆ ಗಾಬರಿಗೆ ಯಜಮಾನರ ದನಿಯೇ ಹೊರಟಿತು. ತಿದ್ದಿಕೊಳ್ಳಲು ಹೋದೆ; ಈ ಸಲ ನನ್ನ ಬಾಯಿಂದ ಬಂದದ್ದು ಖುದ್ದು ಭಟ್ಟರ ದನಿ.

“ಇಪ್ಪತ್ ವರ್ಷದಲ್ಲಿ ಅವ್ರು ನಂಗೆ ಒಂದ್ ಮಾತು ಅಂದಿಲ್ಲ ಕಣಯ್ಯಾ,” ಎಂದರು ಭಟ್ಟರು. “ಅವ್ರು ಆಡ್ದೇ ಇರೋ ಮಾತ್ನ ನೀನು ಅವ್ರ ಬಾಯಿಗೆ ಹಾಕ್ದೆ. ಬೈಯೋದಾದ್ರೆ ನಿನ್ ಬಾಯಲ್ಲೇ ಬೈ.”

ನನ್ನ ಸ್ವಂತ ದನಿ ಎಲ್ಲಿಟ್ಟಿದ್ದೆನೋ, ಹುಡುಕಿ ತೆಗೆದೆ. ಬ್ಯಾಟರಿ ಮುಗಿದ ಕಾಲಿಂಗ್ ಬೆಲ್‌ನಂತಿತ್ತು.

“ತಪ್ಪಾಯ್ತು ಭಟ್ರೇ,” ಎಂದೆ. “ಆದ್ರೆ ದೋಸೆ ಕೆಂಪಾಗಿತ್ತು.”

“ಆಗಿತ್ತು,” ಎಂದರು ಏಳುತ್ತಾ. “ನಿನ್ ಮಿಮಿಕ್ರಿ ಕೇಳ್ತಾ ನಿಂತ್ಬಿಟ್ಟೆ.”

ಹನ್ನೆರಡು ಮಸಾಲೆಯೂ ಟೇಬಲ್ಲುಗಳಿಗೆ ಹೋದವು.

ಮರುದಿನ ಬೆಳಿಗ್ಗೆ ಕಿಟಕಿಯಲ್ಲಿ ಒಂದು ತಟ್ಟೆ, ಅದರಲ್ಲಿ ಮೊದಲ ದೋಸೆ. ಯಾರ ಟೇಬಲ್ಲಿಗೆ ಎಂದು ಕೇಳಿದೆ. “ತಿನ್ನು, ಬಾಯಿ ಮುಚ್ಕೊಂಡು,” ಎಂದರು. ನಿಂತೇ ತಿಂದೆ. ಐದಾರು ಜನರ ದನಿಗಳು ನಾಲಿಗೆಯ ತುದಿಯಲ್ಲಿ ಕುಣಿಯುತ್ತಿದ್ದವು, ಎಲ್ಲವನ್ನೂ ದೋಸೆಯ ಜೊತೆ ನುಂಗಿದೆ. ಕೊನೆಗೆ ಹೆದರುತ್ತಲೇ ಉಗುರಿನಷ್ಟು ಒಂದು ಚೂರು ತಟ್ಟೆಯಲ್ಲಿ ಬಿಟ್ಟೆ.

ಭಟ್ಟರು ಚೂರನ್ನು ನೋಡಿದರು, ನನ್ನನ್ನು ನೋಡಿದರು, ಅದನ್ನೆತ್ತಿ ಬಾಯಿಗೆ ಹಾಕಿಕೊಂಡರು. ಆಮೇಲೆ ಹಿಟ್ಟಿನ ಪಾತ್ರೆಗೆ ಚಿಟಿಕೆ ಉಪ್ಪು ಹಾಕಿ ಕಲಕತೊಡಗಿದರು.