ನಾನು ಅಳಿಸಿದ ಸಾಂಬಾರು

ತಮಿಳುನಾಡಿನ ಪೀಳಮೇಡಿನಲ್ಲಿ ನನಗೆ ಮೊದಲ ಕೆಲಸ ಸಿಕ್ಕಾಗ ವಾಸಕ್ಕೆ ದೊರೆತದ್ದು ಕನ್ನಡದವರದೇ ಮನೆಯ ಮಹಡಿ ಕೋಣೆ. ಎಷ್ಟೋ ತಲೆಮಾರಿನಿಂದ ಅಲ್ಲೇ ನೇಯ್ಗೆ ಮಾಡಿಕೊಂಡಿದ್ದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮನೆಯೊಡತಿಗೆ ಕನ್ನಡ ಅಕ್ಷರ ಒಂದೂ ಬಾರದು. ನನಗೆ ಊಟ ಹಾಕುತ್ತಿದ್ದವರೂ ಅವರೇ.

ಆಗ ನನಗೆ ಬ್ಲಾಗಿನ ಹುಚ್ಚು. ಕಂಪ್ಯೂಟರಿನಲ್ಲಿ ಕನ್ನಡ ಮೂಡುತ್ತಿರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಕುಟ್ಟುತ್ತಿದ್ದೆ. ಒಂದು ದಿನ ಮನೆಯೊಡತಿಯ ಬಗ್ಗೆ ಬರೆದೆ. ಅವರ ಸಾಂಬಾರಿನಲ್ಲಿ ಬೇಳೆ ಹುಡುಕಲು ಈಜು ಬರಬೇಕು, ಮಧ್ಯಾಹ್ನದ ಅವರ ಗೊರಕೆಗೆ ಪಕ್ಕದ ಮನೆಯ ಪವರ್‌ಲೂಮಿನ ಸದ್ದೇ ಕೇಳುವುದಿಲ್ಲ, ಇತ್ಯಾದಿ. ಓದುವವರು ಮೈಸೂರಿನ ನಾಲ್ಕು ಗೆಳತಿಯರು ಮಾತ್ರ ಎಂಬ ಧೈರ್ಯ.

ಅವರ ಮಗಳು ಕಾಲೇಜಿನಲ್ಲಿದ್ದಳು. ಸುಮ್ಮನೆ ಇಂಟರ್ನೆಟ್ಟಿನಲ್ಲಿ ನನ್ನ ಹೆಸರು ಹುಡುಕಿದ್ದಾಳೆ. ಇಂಗ್ಲಿಷ್ ಅಕ್ಷರ, ಮನೆಮಾತು. ಅದಕ್ಕಿಂತ ಸಲೀಸಾದ ಓದು ಅವಳಿಗೆ ಇನ್ನೊಂದಿರಲಿಲ್ಲ. ಸಂಜೆ ಮೆಟ್ಟಿಲು ಹತ್ತುವಾಗ ಅಡುಗೆಮನೆಯಿಂದ ನನ್ನದೇ ವಾಕ್ಯಗಳು ತಮಿಳು ರಾಗದಲ್ಲಿ ಕೇಳಿಬಂದವು. ಹಾಗೇ ತಿರುಗಿ ಬ್ರೌಸಿಂಗ್ ಸೆಂಟರಿಗೆ ಓಡಿ ಎಲ್ಲ ಅಳಿಸಿ ಬಂದೆ.

ಮರುದಿನ ಊಟ ಬಡಿಸುತ್ತಾ, ನನ್ನನ್ನು ಮುದ್ದಿಗೆ ‘ಕಣ್ಣು’ ಎಂದೇ ಕರೆಯುತ್ತಿದ್ದ ಮನೆಯೊಡತಿ ಕೇಳಿದರು, "ಎಲ್ಲಿ ಹೋಯ್ತು ಕಣ್ಣು, ನೀ ಬರ್ದಿದ್ದು? ಮಗಳು ಮತ್ತೆ ನೋಡಿದ್ರೆ ಕಾಣ್ಲಿಲ್ಲವಂತೆ."

"ಅಳಿಸಿಬಿಟ್ಟೆ ಆಂಟಿ. ತಪ್ಪಾಯ್ತು."

"ಯಾರ್ನ ಕೇಳಿ ಅಳಿಸ್ದೆ? ನೆಗಮಂನಿಂದ ಅಕ್ಕ ಬತ್ತಾ ಇದಾಳೆ, ಅದ್ನ ಕೇಳಕ್ಕೇ ಅಂತ!"

"ನಾನು ಬರೆದದ್ದಲ್ವಾ, ಅದಕ್ಕೆ..."

"ಬರ್ದಿದ್ದು ನೀನು. ಸಾಂಬಾರ್ ನಂದು ತಾನೆ?"

ಅವರು ಅದೇ ಸಾಂಬಾರನ್ನು ಇನ್ನೊಂದು ಸೌಟು ನನ್ನ ಅನ್ನದ ಮೇಲೆ ಸುರಿದರು.

"ಗೊರಕೆ ಮಟ್ಟು, ಅದೊಂದ್ ಮಾತ್ರ ತೆಗಿ. ಅದು ಪೊಯ್ಯಿ, ಶುದ್ಧ ಸುಳ್ಳು. ಮಿಕ್ಕಿದ್ದೆಲ್ಲಾ ತಿರುಗಿ ಹಾಕು."

ಭಾನುವಾರ ಅಕ್ಕತಂಗಿಯರಿಬ್ಬರೂ ಒಳ್ಳೆಯ ಸೀರೆಯುಟ್ಟು ನನ್ನೊಡನೆ ಬ್ರೌಸಿಂಗ್ ಸೆಂಟರಿಗೆ ಬಂದರು. ನೆನಪಿನಿಂದ ಮತ್ತೆ ಬರೆದೆ. ನಾನು ಬಿಟ್ಟ ಸಾಲುಗಳನ್ನು ಮನೆಯೊಡತಿಯೇ ನೆನಪಿಸಿದರು. ಕೆಳಗಡೆ ಯಾರು ಬೇಕಾದರೂ ಉತ್ತರ ಬರೆಯಬಹುದು ಎಂದು ಗೊತ್ತಾದದ್ದೇ ತಡ, ಮನೆಯೊಡತಿ ಕುರ್ಚಿ ಹತ್ತಿರ ಎಳೆದುಕೊಂಡರು. "ನಾ ಹೇಳ್ತೀನಿ, ನೀ ಟೈಪ್ ಅಡಿ." ಈ ಹುಡುಗಿ ಹಲ್ಲುಜ್ಜದೆ ಕಾಫಿ ಕುಡಿಯುತ್ತದೆ, ಬಚ್ಚಲಲ್ಲಿ ಒಂದು ಗಂಟೆ ಹಾಡುತ್ತದೆ, ಒಗೆದ ಬಟ್ಟೆ ಮೂರು ದಿನ ಬಕೆಟ್ಟಿನಲ್ಲೇ ಬಿಡುತ್ತದೆ. ನನ್ನ ಅಪರಾಧಗಳನ್ನೆಲ್ಲ ನನ್ನ ಬೆರಳುಗಳೇ ಕುಟ್ಟಿದವು. ಅಕ್ಕ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಳಿಸಲು ಒಂದು ನಿಮಿಷ ಸಾಕಿತ್ತು, ಪಾಸ್‌ವರ್ಡು ನನ್ನದೇ. ಆದರೆ ಕೈ ಬರಲಿಲ್ಲ. ವಾರ ಬಿಟ್ಟು ನೋಡಿದರೆ ಅದರ ಕೆಳಗೆ ಇನ್ನೊಂದು ಉತ್ತರ. ಮೈಸೂರಿನಿಂದ ಅಮ್ಮ, ತಮ್ಮನ ಕೈಯಲ್ಲಿ ಟೈಪ್ ಮಾಡಿಸಿದ್ದು: "ಚಿಕ್ಕಂದಿನಿಂದಲೂ ಹೀಗೇ. ನೀವಾದರೂ ಸ್ವಲ್ಪ ಹೇಳಿ."